ಕರೆಯದೆ ಒಳಗೆ ಬಾರದ ಪತ್ತೇದಾರ

ವರದಾಚಾರ್ ಮೇಷ್ಟ್ರು ನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದವರು. ಅವರ ಬಳಿ ಬರವಣಿಗೆ ಕಲಿಯುವ ಶಿಷ್ಯರ ಮೊದಲ ಪುಸ್ತಕ ಮೇಷ್ಟ್ರ ಹೆಸರಿನಲ್ಲೇ ಅಚ್ಚಾಗುವುದು ಪದ್ಧತಿ. ಯಾರೂ ತಕರಾರು ತೆಗೆದಿರಲಿಲ್ಲ.

ಜಲಜಾಕ್ಷಿ ತೆಗೆದಳು.

"ಇದು ನನ್ನ ಹೆಸರಲ್ಲೇ ಬರಬೇಕು ಮೇಷ್ಟ್ರೇ," ಎಂದು ಹಸ್ತಪ್ರತಿಯನ್ನು ಮುಂದಿಟ್ಟಳು. "ಇದರಲ್ಲಿ ಪತ್ತೇದಾರನೇ ರಕ್ತಪಿಶಾಚಿ. ಇಂಥದ್ದನ್ನ ನೀವೂ ಬರೆದಿಲ್ಲ."

ಹುಡುಗಿಗೆ ಜಂಬ ಇತ್ತು. ಇರಲಿ ಬಿಡಿ, ಜಂಬವಿಲ್ಲದವರು ಕಾದಂಬರಿ ಬರೆಯುವ ಗೋಜಿಗೇ ಹೋಗುವುದಿಲ್ಲ.

ಮೇಷ್ಟ್ರು ಹೊಳೆಯ ಮೆಟ್ಟಿಲ ಮೇಲೆ ಕೂತು ಸಂಜೆಯವರೆಗೆ ಓದಿದರು.

"ನಿನ್ನ ಪಿಶಾಚಿ, ಮನೆಯವರು ಕರೆಯದೆ ಹೊಸ್ತಿಲು ದಾಟೋ ಹಾಗಿಲ್ಲ, ಅಲ್ವೇನಮ್ಮ?"

"ಹೌದು. ಮೂರನೇ ಪುಟದಲ್ಲೇ ಹೇಳಿದೀನಿ."

"ಕೊನೇಲಿ ಕೊಲೆಗಾರನ ಬಾಗಿಲು ಒದ್ದು ನುಗ್ತಾನಲ್ಲ. ಕರೆದೋರು ಯಾರು?"

ಜಲಜಾಕ್ಷಿ ಗಡಿಬಿಡಿಯಲ್ಲಿ ಮೂರನೇ ಪುಟ ತೆಗೆದಳು.

"ಪತ್ತೇದಾರ ಅಂದ್ಮೇಲೆ ಒದೀಬೇಕಲ್ಲ ಮೇಷ್ಟ್ರೇ. ನಿಮ್ಮ ಪುಸ್ತಕದಲ್ಲೆಲ್ಲ ಒದೀತಾನೆ. ಬೇಕಾದ್ರೆ ಮೂರನೇ ಪುಟದ ಮಾತನ್ನ ಹೊಡೆದುಹಾಕ್ತೀನಿ."

"ಹೊಡೆದುಹಾಕು. ಆಮೇಲೆ ಇದೂ ನನ್ನ ಪುಸ್ತಕಗಳ ಹಾಗೇ ಆಗಿ ನನ್ನ ಹೆಸರಿಗೆ ಸರಿಹೋಗತ್ತೆ."

ಅವಳಿಗೆ ಸಿಟ್ಟು ಬಂತು. "ಹೊಡೆದುಹಾಕದೆ ಇದ್ರೆ ಅವನು ಒಳಗೆ ಹೋಗೋದು ಹೇಗೆ?"

"ಹೋಗೋದು ಬೇಡ. ಹೊರಗೇ ನಿಲ್ಲಿಸು."

ಜಲಜಾಕ್ಷಿ ಹಸ್ತಪ್ರತಿ ಎತ್ತಿಕೊಂಡು ಹೊರಟುಹೋದಳು. ಒಂದು ತಿಂಗಳು ಇತ್ತ ಸುಳಿಯಲಿಲ್ಲ.

ಮತ್ತೆ ಬಂದಾಗ ಕೊನೆಯ ಅಧ್ಯಾಯ ಪೂರ್ತಿ ಹೊಸದಾಗಿತ್ತು. ಪತ್ತೇದಾರ ಕೊಲೆಗಾರನ ಮನೆಯೆದುರು ಬಂದು ನಿಲ್ಲುತ್ತಾನೆ. ಕೂಗುವುದಿಲ್ಲ, ಹೆದರಿಸುವುದಿಲ್ಲ. ಕೈಯಲ್ಲಿ ಪಿಸ್ತೂಲಿದ್ದರೂ ಎತ್ತುವುದಿಲ್ಲ. ಏಳು ರಾತ್ರಿ ಬರೀ ನಿಲ್ಲುತ್ತಾನೆ. ಒಳಗಿರುವವನಿಗೆ ಅವನು ಯಾರೆಂದು ಗೊತ್ತು. ಕರೆದರೆ ಏನಾಗುತ್ತದೆಂದೂ ಗೊತ್ತು. ಆದರೂ ತನ್ನ ತಮ್ಮನನ್ನೇ ಕೊಂದ ಸಂಗತಿಯನ್ನು ಒಬ್ಬನೇ ಹೊತ್ತು ಅವನಿಗೆ ಸಾಕಾಗಿಹೋಗಿದೆ. ಎಂಟನೆಯ ರಾತ್ರಿ ಎದ್ದು ಚಿಲಕ ತೆಗೆದು, "ಬಾರಪ್ಪ, ಕೂತ್ಕೋ, ಹೇಳ್ತೀನಿ," ಅನ್ನುತ್ತಾನೆ.

ಮೇಷ್ಟ್ರು ಆ ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

"ಯಾರ ಹೆಸರು ಬರೀಲಿ ಮೇಷ್ಟ್ರೇ?" ಈ ಸಲ ಅವಳ ದನಿ ತಗ್ಗಿತ್ತು.

ಮೇಷ್ಟ್ರು ಪೆನ್ನು ತೆಗೆದು ಮೊದಲ ಹಾಳೆಯ ಮೇಲೆ ತಾವೇ 'ಜಲಜಾಕ್ಷಿ' ಎಂದು ದಪ್ಪಕ್ಷರದಲ್ಲಿ ಬರೆದರು. ಅವರ ಎದೆ ಉಬ್ಬಿತ್ತು, ಅದನ್ನು ಮುಚ್ಚಿಡಲು ಅವರು ಹೋಗಲೂ ಇಲ್ಲ.

"ನನ್ನ ಕೊಲೆಗಾರರೆಲ್ಲ ಸಿಕ್ಕಿಬಿದ್ದೋರು ಕಣಮ್ಮ. ಇವನೊಬ್ಬ ತಾನಾಗೇ ಬಾಗಿಲು ತೆಗೆದ."