ಪುನುಗಯ್ಯ ಅಳೆದ ಬಚ್ಚಲು

ಒಂದು ಕಾಡಿತ್ತು. ಅದನ್ನು ಕಾಡು ಅನ್ನಬೇಕೋ ದೊಡ್ಡ ಪೊದೆ ಅನ್ನಬೇಕೋ ಎಂದು ಅಲ್ಲಿನ ಪ್ರಾಣಿಗಳಲ್ಲೇ ಜಗಳವಿತ್ತು. ಇರಲಿ, ಕಥೆಗೆ ಕಾಡೇ ಚೆಂದ. ಅಲ್ಲಿನ ಕಲ್ಲುಗುಡ್ಡದ ಬಿಲದಲ್ಲಿ ದ್ಯಾವಪ್ಪ ಎಂಬ ಮುಳ್ಳುಹಂದಿ ಒಬ್ಬನೇ ವಾಸವಾಗಿದ್ದ.

ಬಿಲದ ಮೂಲೆಯಲ್ಲಿ ಒಂದು ಪುಟ್ಟ ಬಚ್ಚಲು. ಒಂದು ಹಂಡೆ, ಅದರ ಕೆಳಗೆ ಒಲೆ, ಕೂತು ಮೀಯಲು ಒಂದು ಕಲ್ಲು, ಕಲ್ಲಿನ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ. ಅಲ್ಲಿ ನಿಂತು ಹೆಂಡತಿ ಕೆಂಚವ್ವ ಅವನ ಬೆನ್ನು ಉಜ್ಜುತ್ತಿದ್ದಳು. ಮುಳ್ಳುಹಂದಿಯ ಬೆನ್ನು ಉಜ್ಜುವುದೆಂದರೆ ಹುಡುಗಾಟವೇ? ತಲೆಯಿಂದ ಬಾಲದ ಕಡೆಗೇ ಉಜ್ಜಬೇಕು. ಅಪ್ಪಿತಪ್ಪಿ ಹಿಂದುಮುಂದಾದರೆ ಕೈ ಜರಡಿ! ಕೆಂಚವ್ವನ ಕೈಗೆ ಆ ಹದ ಗೊತ್ತಿತ್ತು. ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಆಮೇಲೆ ದ್ಯಾವಪ್ಪನ ಬೆನ್ನಿಗೆ ನೀರು ಬಿದ್ದಿತ್ತು, ಕೈ ಬಿದ್ದಿರಲಿಲ್ಲ.

ದೀಪಾವಳಿ ಹತ್ತಿರ ಬಂತು. ನೀರು ತುಂಬುವ ಹಬ್ಬಕ್ಕೆ ಬಚ್ಚಲು ತೊಳೆಯಲು ಹೋದರೆ ನೆಲ ಬಿರುಕು ಬಿಟ್ಟಿದೆ, ಮೋರಿ ಕಟ್ಟಿಕೊಂಡಿದೆ. "ಇದನ್ನು ಹೊಸದಾಗಿ ಕಟ್ಟಿಸಬೇಕು" ಎಂದು ದ್ಯಾವಪ್ಪ ಗಟ್ಟಿಯಾಗಿ ಹೇಳಿದ. ಕೇಳಲು ಯಾರೂ ಇರಲಿಲ್ಲ. ಹಂಡೆ ಒಂದಿತ್ತು.

ಹಂಡೆಯೇ ಸುದ್ದಿ ಮುಟ್ಟಿಸಿರಬೇಕು. ಮರುದಿನ ಪುನುಗಯ್ಯ ಬಂದ. ಇವನು ಪುನುಗುಬೆಕ್ಕು, ಮೈಯೆಲ್ಲ ಸುಗಂಧ, ಮಾತೆಲ್ಲ ಬೆಣ್ಣೆ. ಸ್ವಂತ ಮನೆ ಮಾತ್ರ ಇರಲಿಲ್ಲ. ಚಳಿ ಶುರುವಾದರೆ ಬೆಚ್ಚನೆಯ ಜಾಗ ಹುಡುಕುವುದೇ ಅವನ ಕಸುಬು.

"ದ್ಯಾವಣ್ಣಾ, ನಿನ್ನ ಬಚ್ಚಲು ನೋಡಿ ಕರುಳು ಚುರ್ ಅಂತು ಕಣಪ್ಪ! ನಾನು ಕಟ್ಟಿಕೊಡ್ತೀನಿ. ಕೂಲಿಗೀಲಿ ಏನೂ ಬೇಡ."

ಒಲೆಯ ಬೂದಿ ಹರಡಿ, ಬಾಲದ ತುದಿಯಿಂದ ನಕ್ಷೆ ಬರೆದ.

"ಇಲ್ಲಿ ಕಲ್ಲು. ಇಲ್ಲಿ ಮೋರಿ. ಹಂಡೇನ ಒಲೆ ಸಮೇತ ಹಿಂದಕ್ಕೆ, ಕಲ್ಲಿನ ಪಕ್ಕಕ್ಕೆ ಸರಿಸೋಣ. ಕಲ್ಲಿನ ಬೆನ್ನಿಗೇ ಒಂದು ಗೋಡೆ."

"ಕಲ್ಲಿನ ಹಿಂದೆ ಜಾಗ ಬೇಕಲ್ಲ?"

"ಯಾರಿಗೆ?"

ದ್ಯಾವಪ್ಪ ಕಲ್ಲಿನ ಹಿಂದಿನ ಜಾಗದತ್ತ ತಿರುಗಿ ನೋಡಿದ.

"ಬೇಜಾರು ಮಾಡ್ಕೋಬೇಡ. ನೀನು ಒಂಟಿ ಜೀವ. ಅಲ್ಲಿ ಇನ್ಯಾರು ಬಂದು ನಿಂತಾರು? ಬೆನ್ನ ಹಿಂದೆ ಖಾಲಿ ಜಾಗ ಇಟ್ಕೊಂಡು ಮಿಂದ್ರೆ ಚಳಿ ಹತ್ತುತ್ತೆ, ಅಷ್ಟೆ."

ಮಾತು ನಿಜವೆಂದೇ ತೋರಿತು. ಅದೇ ಅದರ ಕೆಟ್ಟತನ.

"ಗೋಡೆಯಾಚೆ ಉಳಿಯೋ ಜಾಗ?" ಎಂದ ದ್ಯಾವಪ್ಪ, ನೆಲ ನೋಡುತ್ತ.

"ಅದು ಯಾವ ಕೆಲಸಕ್ಕೂ ಬಾರದು. ನನ್ನ ನಾಲ್ಕು ಸಾಮಾನು ಇಟ್ಕೊಳ್ತೀನಿ ಬಿಡು. ಎಲ್ಲಿ, ಕೂತ್ಕೋ, ಅಳತೆ ತಗೋಬೇಕು."

ಅತಿಥಿಯ ಮುಂದೆ ಮುಳ್ಳು ಮಡಚಿ ಕೂರುವುದು ಮುಳ್ಳುಹಂದಿ ಕುಲದ ಮರ್ಯಾದೆ. ದ್ಯಾವಪ್ಪ ಮುಳ್ಳನ್ನೆಲ್ಲ ಮಡಚಿ, ಕುಂಬಳಕಾಯಿಯ ಹಾಗೆ ನುಣ್ಣಗೆ ಕೂತ. ಪುನುಗಯ್ಯ ಬಾಲ ಹಿಡಿದು ಅಳೆದ. ಗೋಡೆ ಎದ್ದಿತು.

"ಏನಯ್ಯಾ, ಗೋಡೆ ದೋಸೆ ಇದ್ದ ಹಾಗಿದೆ?"

"ಸಣ್ಣ ಬಚ್ಚಲಿಗೆ ದಪ್ಪ ಗೋಡೆ ಕಟ್ಟಿದ್ರೆ ನೀನೆಲ್ಲಿ ಕೂರ್ತೀಯ?"

ಅಸಲು ಸಂಗತಿ ಬೇರೆ. ದಪ್ಪ ಗೋಡೆಯಾದರೆ ಒಲೆಯ ಬಿಸಿ ಆಚೆಗೆ ದಾಟುವುದಿಲ್ಲ! ಪುನುಗಯ್ಯ ಗುಡ್ಡದ ಕಡೆಯಿಂದ ಗುಟ್ಟಾಗಿ ಕಿಂಡಿ ಕೊರೆದ. ಗೋಡೆಯಾಚೆ ಬೂರುಗದ ಹತ್ತಿ ಹಾಸಿದ. ಬೆನ್ನನ್ನು ಗೋಡೆಗೆ ಕೊಟ್ಟು, ಸುಖವಾಗಿ ಗೊರಕೆ ಹೊಡೆದ.

ಹಬ್ಬದ ಬೆಳಗಾಯಿತು. ದ್ಯಾವಪ್ಪ ಹಂಡೆಯ ಕೊರಳಿಗೆ ಚೆಂಡುಹೂವು ಕಟ್ಟಿದ. ತನ್ನ ತಲೆಗೆ ತಾನೇ ಎಣ್ಣೆ ಒತ್ತಿಕೊಂಡು ಕಲ್ಲಿನ ಮೇಲೆ ಕೂತ. ಒಂದು ಚೊಂಬು ನೀರು ಸುರಿದುಕೊಂಡು, ಅಭ್ಯಾಸಬಲದಿಂದ ಚೊಂಬನ್ನು ಹಿಂದಕ್ಕೆ ಚಾಚಿದ. ಟಣ್ ಎಂದಿತು ಗೋಡೆ. ಚೊಂಬನ್ನು ಇಸಿದುಕೊಳ್ಳುವ ಕೈ ಇರಲಿಲ್ಲ. ದ್ಯಾವಪ್ಪ ತಾನೇ ಮತ್ತೆ ಮತ್ತೆ ಚೊಂಬು ತುಂಬಿ ಬೆನ್ನಿಗೆ ಸುರಿದುಕೊಂಡ. ಗೋಡೆಯ ಹಸಿ ಮಣ್ಣು ನೀರು ಕುಡಿಯುತ್ತಿತ್ತು.

ಒದ್ದೆ ಮೈಗೆ ಚಳಿ ಹತ್ತಿತು. ಎದುರಿಗೆ ಯಾವ ಅತಿಥಿಯೂ ಇರಲಿಲ್ಲವಲ್ಲ, ಯಾರಿಗಾಗಿ ಮಡಚಿಕೊಳ್ಳುವುದು? ಇದ್ದಬದ್ದ ಮುಳ್ಳನ್ನೆಲ್ಲ ಬಿಚ್ಚಿ ಜಾಡಿಸಿದ. ಬಚ್ಚಲು ಸಾಲಲಿಲ್ಲ. ಬೆನ್ನು ಹೋಗಿ ಗೋಡೆಗೆ ಬಡಿಯಿತು.

"ಅಯ್ಯಯ್ಯಪ್ಪೋ, ಸತ್ತೇ!"

ಗೋಡೆ ದಬದಬನೆ ಕುಸಿಯಿತು. ಆಚೆ ಪುನುಗಯ್ಯ! ಬೆನ್ನ ತುಂಬ ಮುಳ್ಳು, ಬಾಲ ಕಡ್ಡಿಪೊರಕೆ. ಸುಗಂಧದ ಸುಳಿವೇ ಇಲ್ಲ.

"ಏನಪ್ಪಾ, ಸಾಮಾನಿನ ಜೊತೆ ನೀನೂ ಇದ್ದೆಯಾ?" ಎಂದ ದ್ಯಾವಪ್ಪ.

"ಅಳತೆ ಸರಿಯಾಗೇ ತಗೊಂಡಿದ್ನಲ್ಲೋ!"

"ನೀನು ಅಳೆದದ್ದು ಅತಿಥಿಯ ಮುಂದೆ ಕೂತ ದ್ಯಾವಪ್ಪನನ್ನು. ಮೀಯಲು ಕೂತವನು ಒಬ್ಬನೇ ಇದ್ದ ದ್ಯಾವಪ್ಪ."

"ತತ್ವ ಆಮೇಲೆ ಹೇಳು, ಮೊದಲು ಕೀಳು ಮಾರಾಯ! ನನ್ನ ಬೆನ್ನಿಗೆ ನನ್ನ ಕೈ ಎಟುಕಲ್ಲ!"

"ಎಟುಕಲ್ಲ. ನನಗೆ ಗೊತ್ತು."

ದ್ಯಾವಪ್ಪ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಹಿಂದೆ ನಿಂತು, ಒಂದೊಂದೇ ಮುಳ್ಳು ಕಿತ್ತ. ಪುನುಗಯ್ಯನ ಕಿರುಚಾಟಕ್ಕೆ ಗುಡ್ಡದ ಮೇಲಿದ್ದ ಹದ್ದು ಮೊಟ್ಟೆ ಬಿಟ್ಟು ಎದ್ದಿತಂತೆ. ಕೊನೆಯ ಮುಳ್ಳು ಬಂದದ್ದೇ ತಡ, ಹತ್ತಿಯನ್ನೂ ಬಿಟ್ಟು ಕಿಂಡಿಯಿಂದ ಓಟ ಕಿತ್ತ. ಆ ಚಳಿಗಾಲವನ್ನೆಲ್ಲ ಅವನು ಕೊಂಬೆಯ ಮೇಲೆ ಬೋರಲು ಮಲಗಿಯೇ ಕಳೆದ.

ದ್ಯಾವಪ್ಪ ಕಿಂಡಿ ಮುಚ್ಚಿದ. ಬಿದ್ದ ಮಣ್ಣು ಬಳಿದು ಹೊರಹಾಕಿ, ಹಂಡೆಯನ್ನೂ ಒಲೆಯನ್ನೂ ಮೊದಲಿನ ಜಾಗಕ್ಕೆ ತಂದ. ನೀರು ಇನ್ನೂ ಬೆಚ್ಚಗಿತ್ತು. ಮತ್ತೆ ಕಲ್ಲಿನ ಮೇಲೆ ಕೂತ. ಬೆನ್ನು ಉಜ್ಜಲು ಇವತ್ತೂ ಯಾರೂ ಬರಲಿಲ್ಲ. ಬರುವವರೂ ಇರಲಿಲ್ಲ.

"ಕೆಂಚೀ, ಹಬ್ಬ ಬಂತು ಕಣೇ" ಎಂದ.

ಆ ಮಾತು ಯಾವ ಗೋಡೆಗೂ ಬಡಿಯಲಿಲ್ಲ. ಹಿಂದಿನ ಖಾಲಿ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತುಕೊಂಡಿತು.

ನೀತಿ: ಒಂಟಿಯಾದವರ ಮನೆಯಲ್ಲಿ ಜಾಗ ಹೆಚ್ಚಾಯಿತೆಂದು ಅಳೆಯಲು ಬರುವವನು ತನ್ನ ಹಾಸಿಗೆಗೇ ಅಳತೆ ಹಿಡಿದಿರುತ್ತಾನೆ, ಕೊನೆಗೆ ಆ ಅಳತೆ ಚುಚ್ಚುವುದೂ ಅವನನ್ನೇ.