ಒರೆಸುವ ಪುಸ್ತಕ

ಶಾವಂತ್ರವ್ವನ ಪೆಟ್ಟಿಗೆಯಲ್ಲಿ ಹತ್ತೊಂಬತ್ತು ಕುಂಚಗಳಿದ್ದವು. ತೊಟ್ಟಿಲ ಮೇಲೆ ಒಂದು ಗೆರೆಯೂ ಇರಲಿಲ್ಲ.

ಬಡಿಗ ತೊಟ್ಟಿಲು ತಂದಿಟ್ಟು ಒಂಬತ್ತು ದಿನವಾಗಿತ್ತು. ತಂಗಿಯ ಮೊಮ್ಮಗಳನ್ನು ಅದರಲ್ಲಿ ಹಾಕಿ ಹೆಸರಿಡಲು ಇನ್ನು ಮೂರೇ ದಿನ. ಚಿತ್ರ ನಾನೇ ಬರೆಯುತ್ತೇನೆಂದು ಮಾತು ಕೊಟ್ಟವಳು ಶಾವಂತ್ರವ್ವನೇ. ಕೂಸು ನಡೆಯೋ ಹೊತ್ತಿಗೆ ಮುಗೀತೈತಿ ಬಿಡಕ್ಕಾ ಎಂದು ತಂಗಿ ಆಗಲೇ ಚುಚ್ಚಿದ್ದಳು. ನಾಳೆ ಸಂಜೆಯೊಳಗೆ ಆಗದಿದ್ದರೆ ಪೇಟೆಯಿಂದ ಬೇರೆ ತೊಟ್ಟಿಲು ತರಿಸುವುದಾಗಿಯೂ ಹೇಳಿದ್ದಳು.

ಬೆಳಿಗ್ಗೆ ಪೆಟ್ಟಿಗೆ ಹೊತ್ತು ಹಳ್ಳದ ದಂಡೆಗೆ ಹೋದಳು. ಅವಳಿಗೆ ಚಿತ್ರ ಕಲಿಸಿದ ಮೋನಪ್ಪಜ್ಜ ಅಲ್ಲಿ ಕೂತು ಕೆಮ್ಮಣ್ಣು ಸೋಸುತ್ತಿದ್ದರು.

ಒಬ್ಬರು ಒಂದು ಬಣ್ಣ ಹೊಗಳಿದರು, ಮತ್ತೊಬ್ಬರು ಇನ್ನೊಂದನ್ನು. ಎಲ್ಲ ತಂದಿಟ್ಟುಕೊಂಡೆ, ಈಗ ಯಾವುದನ್ನು ಮುಟ್ಟಲೂ ಕೈ ಹೆದರುತ್ತದೆ ಎಂದು ಹೇಳಿಕೊಂಡಳು.

"ನೀವಾರ ಹೇಳ್ರಿ ಅಜ್ಜಾ. ಇದರಾಗ ಯಾವುದು ಚಲೋ?"

"ನಿನ್ನ ಪುಸ್ತಕಾನ ಕೇಳು."

ಎರಡು ವರ್ಷದ ಹಿಂದೆ ಅಜ್ಜ ಹೇಳಿದ್ದರು: ಅಕ್ಕಸಾಲಿ ಚಿನ್ನವನ್ನು ಕಲ್ಲಿಗೆ ಉಜ್ಜಿ ನೋಡುವ ಹಾಗೆ, ದಿನಾ ಒಂದು ಹಾಳೆಯಲ್ಲಿ ಬಣ್ಣವನ್ನು ಒರೆಗೆ ಹಚ್ಚು. ಅವಳು ಒಂದು ದಿನವೂ ತಪ್ಪಿಸಿರಲಿಲ್ಲ.

ಪುಸ್ತಕ ತೆಗೆದು ಕೊಟ್ಟಳು. ಗೀಟು ಹಾಕಿದ ಚೌಕಗಳು. ಚೌಕಕ್ಕೊಂದು ಬಣ್ಣ, ಕೆಳಗೆ ದುಂಡಗೆ ಬರೆದ ಹೆಸರು. ಒಂದು ಹನಿಯೂ ಗೆರೆ ದಾಟಿರಲಿಲ್ಲ.

ಅಜ್ಜ ನಾಲ್ಕು ಹಾಳೆ ತಿರುವಿದರು.

"ಅಂಗಡಿ ಕಪಾಟು ಆಗೇತಿ. ಎಲ್ಲಾ ಸಾಲಾಗಿ ನಿಂತಾವು, ಯಾವುದೂ ಸವೆದಿಲ್ಲ."

ಅವಳು ಪುಸ್ತಕ ಇಸಿದುಕೊಂಡು ಮುಚ್ಚಿದಳು.

"ಕುಂಚ ಯಾವುದಕ್ಕ ಒರಸ್ತಿ?"

ಒರೆಸುವ ಪುಸ್ತಕ ಪೆಟ್ಟಿಗೆಯ ತಳದಲ್ಲಿತ್ತು. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ದಾರದಿಂದ ಹೊಲಿದದ್ದು. ಹೊಲಸಾಗಿದೆ, ತೋರಿಸುವಂಥದ್ದಲ್ಲ ಎಂದು ಅವಳು ತಡೆದಳು.

"ಕೊಡು."

ಮೊದಲ ಹಾಳೆಗಳಲ್ಲಿ ಎಲ್ಲ ಬಣ್ಣಗಳೂ ಇದ್ದವು. ಮುಂದೆ ಹಸಿರು ಕಡಿಮೆಯಾಯಿತು. ಎಲ್ಲರೂ ಹೊಗಳಿದ ನೀಲಿ ಒಮ್ಮೆ ಬಂದದ್ದು ಮತ್ತೆ ಬರಲಿಲ್ಲ. ಅರ್ಧ ಪುಸ್ತಕ ದಾಟಿದ ಮೇಲೆ ಕೆಮ್ಮಣ್ಣು, ಕಾಡಿಗೆ, ಅಷ್ಟೇ. ಒರೆಸಿದ ಗೆರೆಗಳು ಗುಬ್ಬಿಯ ಬಾಲವಾಗಿದ್ದವು, ಲಟ್ಟಣಿಗೆಯಾಗಿದ್ದವು, ಅವಳ ಅತ್ತೆಯ ಮೂಗಾಗಿದ್ದವು. ಒಂದೇ ಹಾಳೆಯಲ್ಲಿ ಏಳು ಮೂಗು.

ಅಜ್ಜ ನಕ್ಕರು. "ಇವನ್ನ ಬರಿ ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲರಿ. ಒರಸೋ ಮುಂದ ಕೈ ತಾನ ಹೋಗತೈತಿ."

"ಯಾವ ಕುಂಚ?"

ಅವಳು ನೋಡದೆಯೇ ಪೆಟ್ಟಿಗೆಗೆ ಕೈ ಹಾಕಿ ಒಂದನ್ನು ತೆಗೆದಳು. ಕೂದಲು ಅರ್ಧ ಉದುರಿತ್ತು. ಹಿಡಿಗೆ ದಾರ ಸುತ್ತಿತ್ತು. ತನ್ನ ಕೈಯಲ್ಲಿದ್ದುದನ್ನು ತಾನೇ ಒಂದು ಗಳಿಗೆ ನೋಡಿದಳು.

ಅಜ್ಜ ಸೋಸಿದ ಕೆಮ್ಮಣ್ಣನ್ನು ಅಂಟಿನಲ್ಲಿ ಕಲಸಿ, ಚಿಪ್ಪಿಗೆ ಹಾಕಿ ಅವಳ ಮುಂದಿಟ್ಟರು. ಪೆಟ್ಟಿಗೆಯ ಮುಚ್ಚಳ ಮುಚ್ಚಿದರು.

ಮರುದಿನ ಸಂಜೆಗೆ ತೊಟ್ಟಿಲ ನಾಲ್ಕೂ ಮಗ್ಗುಲಿಗೆ ಗುಬ್ಬಿಗಳು ಬಂದು ಕೂತಿದ್ದವು. ತಂಗಿ ಬಂದು ಸುತ್ತ ತಿರುಗಿ ನೋಡಿದಳು. ಆಡಿಕೊಳ್ಳಲು ಏನೂ ಸಿಗಲಿಲ್ಲ. ಕೊನೆಗೆ, ಈ ದೊಡ್ಡ ಗುಬ್ಬಿಯ ಕೊಕ್ಕನ್ನು ನಿಮ್ಮ ಮನೆಯಲ್ಲೇ ಎಲ್ಲೋ ನೋಡಿದ್ದೇನೆ ಎಂದಳು. ಬೇರೆ ತೊಟ್ಟಿಲಿನ ಮಾತೆತ್ತಲಿಲ್ಲ.

ಹೆಸರಿಟ್ಟ ಮರುದಿನ ಶಾವಂತ್ರವ್ವ ಗುಗ್ಗರಿ ಕಟ್ಟಿಕೊಂಡು ದಂಡೆಗೆ ಹೋದಳು. ಚೌಕದ ಪುಸ್ತಕವೂ ಕಂಕುಳಲ್ಲಿತ್ತು.

"ಎರಡು ವರ್ಷ ಇದಕ್ಕ ಬಣ್ಣ ಸುರುವಿದೆ ಅಜ್ಜಾ. ಒಲಿಗೆ ಹಾಕಿ ಬಿಡ್ಲೇನ್ರಿ?"

ಅಜ್ಜ ಬಾಯಲ್ಲಿದ್ದ ಗುಗ್ಗರಿ ಅಗಿದು ನುಂಗಿದರು. ಪುಸ್ತಕವನ್ನು ಬೋರಲು ಹಾಕಿ ಒಂದು ಹಾಳೆ ತೆರೆದರು.

"ಬ್ಯಾಡ. ಹಿಂದಿನ ಮಗ್ಗಲು ಖಾಲಿ ಐತಿ. ಕುಂಚ ಒರಸಾಕ ಬೇಕಾಗತೈತಿ."