ರೇಸಿನ ಬ್ರೇಕು, ಪೂಜೆಯ ನಿಂಬೆಹಣ್ಣು

ಆ ದಿನವನ್ನು ನೆನೆದರೆ ಕಂಟ್ರಾಕ್ಟರ್ ತಿಪ್ಪೇರುದ್ರಪ್ಪನವರಿಗೆ ಇವತ್ತಿಗೂ ಮುಖ ಎತ್ತಲಾಗುವುದಿಲ್ಲ. ಹೊಸ ಸ್ಪೋರ್ಟ್ಸ್ ಕಾರಿಗೆ ರೇಸಿನ ಬ್ರೇಕ್ ಪ್ಯಾಡೇ ಬೇಕೆಂದು ಗ್ಯಾರೇಜಿನಲ್ಲಿ ಎಲ್ಲರೆದುರು ಗುಡುಗಿದ್ದರು.

"ಅವು ಚೆನ್ನಾಗಿ ಕಾದ ಮೇಲೇ ಹಿಡಿಯೋದು ಸಾರ್. ನೀವು ಮೊಮ್ಮಗಳನ್ನ ಸ್ಕೂಲಿಗೆ ಬಿಡೋರು, ಮಾಮೂಲಿದೇ ಸಾಕು," ಎಂದ ಮೆಕ್ಯಾನಿಕ್.

"ನನಗೇ ಪಾಠ ಹೇಳ್ತೀಯಾ?"

ಅವನು ರೇಸಿನ ಪ್ಯಾಡನ್ನೇ ಕೂರಿಸಿದ. ಹೊಸ ಕಾರಿನ ಪೂಜೆಗೆ ತಂದಿದ್ದ ನಿಂಬೆಹಣ್ಣನ್ನು ಮಾತ್ರ ಚಕ್ರದಡಿ ಇಡದೆ ಅಂಗಳದ ಆ ತುದಿಯಲ್ಲಿಟ್ಟ.

"ಅದಕ್ಕೆ ತಾಗದಂಗೆ ನಿಲ್ಲಿಸಿ ಸಾರ್."

ಅವರು ಜೋರಾಗಿ ಬಂದು ಬ್ರೇಕ್ ತುಳಿದರು. ಕಾರು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಎರಡು ಮಾರು ದಾಟಿ ನಿಂತಿತು.

"ಸ್ಕೂಲ್ ಗೇಟಲ್ಲಿ ನಿಂಬೆಹಣ್ಣು ಇರಲ್ಲ ಸಾರ್," ಎಂದ ಮೆಕ್ಯಾನಿಕ್ ಮೆಲ್ಲಗೆ.

ತಿಪ್ಪೇರುದ್ರಪ್ಪನವರು ತಲೆ ತಗ್ಗಿಸಿ ಕೀಲಿಕೈ ಕೊಟ್ಟರು.

"ಮಾಮೂಲಿದೇ ಹಾಕಪ್ಪ."

ಇನ್ನೊಂದು ನಿಂಬೆಹಣ್ಣು ತರಲು ಅಂಗಡಿಗೆ ತಾವೇ ನಡೆದುಕೊಂಡು ಹೋದರು.